ಅಮೀನ ಬಂದಾಗ ಬಾಗಿಲು ಹಾಕಿದರೆ ಸಾಲ ಹೋಗುವುದಿಲ್ಲ

ನಮ್ಮ ಊರುಗಳಲ್ಲಿ ಒಂದು ತಪ್ಪು ತಿಳುವಳಿಕೆ ಗಟ್ಟಿಯಾಗಿ ಕೂತುಬಿಟ್ಟಿದೆ. ಕೋರ್ಟಿನ ಅಮೀನ ಮನೆಗೆ ತಂದ ಸಮನ್ಸನ್ನು ತೆಗೆದುಕೊಳ್ಳಬಾರದು, ತೆಗೆದುಕೊಂಡರೆ ಸಾಲ ಒಪ್ಪಿಕೊಂಡ ಹಾಗೆ ಎಂಬುದು. ಗಂಡ ದಮ್ಮಾಮಿನಲ್ಲೋ ದುಬೈಯಲ್ಲೋ ಇರುತ್ತಾರೆ, ಮನೆಯಲ್ಲಿ ಉಮ್ಮ, ಹೆಂಡತಿ, ಮಕ್ಕಳು ಮಾತ್ರ. "ಅವರು ಇಲ್ಲ, ನಮಗೆ ಗೊತ್ತಿಲ್ಲ" ಎಂದು ಬಾಗಿಲು ಹಾಕುತ್ತಾರೆ. ಅಮೀನ ಹೋಗುತ್ತಾರೆ, ಮನೆಯವರಿಗೆ ಸಮಾಧಾನ. ಆದರೆ ಕೋರ್ಟಿನಲ್ಲಿ ಕೇಸು ಅಲ್ಲಿಗೆ ನಿಲ್ಲುವುದಿಲ್ಲ. ತೆಗೆದುಕೊಳ್ಳಲು ಒಪ್ಪದಿದ್ದರೆ ಸಮನ್ಸನ್ನು ಮನೆಯ ಬಾಗಿಲಿಗೇ ಅಂಟಿಸಿ ವರದಿ ಕೊಡಬಹುದು. ರಿಜಿಸ್ಟರ್ಡ್ ಅಂಚೆಯನ್ನು "ಬೇಡ" ಎಂದು ವಾಪಸು ಕಳುಹಿಸಿದರೂ ಅದು ತಲುಪಿದೆ ಎಂದೇ ಕೋರ್ಟು ಪರಿಗಣಿಸಬಹುದು.

ನಮ್ಮ ಬಳಿ ಇಂಥ ಲಕೋಟೆ ತರುವವರು ಹೆಚ್ಚಾಗಿ ಮದ್ರಸದ ಮಕ್ಕಳ ಉಮ್ಮಂದಿರು. "ಉಸ್ತಾದರೇ, ಇದರಲ್ಲಿ ಎಂತ ಉಂಟು, ಒಮ್ಮೆ ಓದಿ ಹೇಳಿ" ಅಂತ. ಕೆಲವರ ಲಕೋಟೆ ತಿಂಗಳುಗಟ್ಟಲೆ ಕಪಾಟಿನಲ್ಲಿ ಬಟ್ಟೆಯ ಅಡಿಯಲ್ಲಿ ಇದ್ದು ಹಳದಿಯಾಗಿರುತ್ತದೆ. ನಾವು ವಕೀಲರಲ್ಲ. ಆದರೂ ಓದಿ ಹೇಳುವಾಗ ಕೇಳಿ ತಿಳಿದುಕೊಂಡ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯದು, ಬ್ಯಾಂಕ್ ಸಾಲಕ್ಕೆ ಹೂಡುವ ದಾವೆ ಸಿವಿಲ್ ದಾವೆ. ಅಮೀನ ಪೊಲೀಸ್ ಅಲ್ಲ, ಯಾರನ್ನೂ ಹಿಡಿದುಕೊಂಡು ಹೋಗಲಿಕ್ಕೆ ಬಂದವರಲ್ಲ. ಸಮನ್ಸ್ ಎಂದರೆ ಬ್ಯಾಂಕ್ ನಿಮ್ಮ ಮೇಲೆ ಹೀಗೆ ಹೇಳಿದೆ, ನಿಮ್ಮದು ಎಂತ ಮಾತು, ಇಂಥ ದಿನ ಬಂದು ಹೇಳಿ ಎಂಬ ಕರೆ. ಮನೆಯ ಯಜಮಾನ ಇಲ್ಲದಾಗ ಅವರ ಜೊತೆ ವಾಸವಿರುವ ಪ್ರಾಯಕ್ಕೆ ಬಂದ ಯಾರೂ, ಹೆಂಗಸರಾದರೂ, ಅದನ್ನು ಪಡೆಯಬಹುದು. ಪಡೆದ ಮಾತ್ರಕ್ಕೆ ಸಾಲ ಆ ಹೆಂಗಸಿನ ತಲೆಗೆ ಬರುವುದಿಲ್ಲ. ಸಹಿ ಹಾಕುವಾಗ ದಿನಾಂಕ ಬರೆಯಿರಿ. ಕೋರ್ಟಿನ ಹೆಸರು, ಕೇಸಿನ ನಂಬ್ರ, ಹಾಜರಾಗಬೇಕಾದ ದಿನ, ಈ ಮೂರು ಕಾಣುವಂತೆ ಫೋಟೋ ತೆಗೆದು ಗಲ್ಫ್‌ನಲ್ಲಿರುವವರಿಗೆ ಅದೇ ದಿನ ವಾಟ್ಸ್‌ಆ್ಯಪ್ ಮಾಡಿ. ಅವರು ಊರಿಗೆ ಬರಬೇಕೆಂದಿಲ್ಲ, ವಕಾಲತ್ತು ಕೊಟ್ಟರೆ ವಕೀಲರು ಹಾಜರಾಗುತ್ತಾರೆ.

ಸಮನ್ಸ್ ತಲುಪಿದ ಮೇಲೆ ಲಿಖಿತ ಉತ್ತರ ಕೊಡಲು ಸಾಮಾನ್ಯವಾಗಿ 30 ದಿನ. ಕಾರಣ ಇದ್ದರೆ ಕೋರ್ಟು 90 ದಿನದವರೆಗೆ ಅವಕಾಶ ಕೊಡಬಹುದು. ಕೆಲವು ದಾವೆಗಳು ತ್ವರಿತ ವಿಚಾರಣೆಯವು, ಅದರಲ್ಲಿ ಹಾಜರಾಗಲು 10 ದಿನ ಮಾತ್ರ. ಹಾಗಾಗಿ ಕಾಗದ ಬಂದ ದಿನವೇ ಓದಿಸಬೇಕು. "ರಂಜಾನ್ ಕಳೆಯಲಿ, ಮಗಳ ನಿಕಾಹ್ ಕಳೆಯಲಿ" ಎಂದು ಕೂತರೆ ದಿನ ನಮಗಾಗಿ ಕಾಯುವುದಿಲ್ಲ.

ಹೋಗದಿದ್ದರೆ ಏನಾಗುತ್ತದೆ? ಬ್ಯಾಂಕ್ ಹೇಳಿದ್ದನ್ನು ಅಲ್ಲ ಎನ್ನುವವರು ಯಾರೂ ಇರುವುದಿಲ್ಲ. ಕೋರ್ಟು ಒಂದು ಕಡೆಯ ಮಾತು ಕೇಳಿ ಡಿಕ್ರಿ ಕೊಡುತ್ತದೆ. ಕಟ್ಟಿದ ಕಂತು ಲೆಕ್ಕಕ್ಕೆ ಬಂದಿಲ್ಲ, ದಂಡದ ಬಡ್ಡಿ ಎರಡು ಸಲ ಹಾಕಿದ್ದಾರೆ, ಜಾಮೀನಿನ ಸಹಿ ನನ್ನದಲ್ಲ ಎಂದು ಹೇಳಬೇಕಾದದ್ದೆಲ್ಲ ಹೇಳದೆಯೇ ಉಳಿಯುತ್ತದೆ. ಅಂಥ ಡಿಕ್ರಿಯನ್ನು ರದ್ದು ಮಾಡಿಸಲು ಅರ್ಜಿ ಹಾಕಬಹುದು, ಆದರೆ 30 ದಿನದೊಳಗೆ, ಮತ್ತು ಬಾರದೆ ಇದ್ದುದಕ್ಕೆ ಸರಿಯಾದ ಕಾರಣ ತೋರಿಸಬೇಕು. ಬೇಕೆಂದೇ ಬಾಗಿಲು ಹಾಕಿದವರು ಯಾವ ಕಾರಣ ತೋರಿಸುವುದು?

ದಾವೆ ಹೂಡಲು ಬ್ಯಾಂಕಿಗೂ ಕಾಲಮಿತಿ ಉಂಟು. ಬರಿಯ ಹಣದ ಸಾಲಕ್ಕೆ ಸಾಮಾನ್ಯವಾಗಿ 3 ವರ್ಷ, ಆಸ್ತಿ ಅಡವಿಟ್ಟ ಸಾಲಕ್ಕೆ 12 ವರ್ಷ. ಅವಧಿಯೊಳಗೆ ನೀವು "ಇಷ್ಟು ಬಾಕಿ ಇದೆ" ಎಂಬ ಕಾಗದಕ್ಕೆ ಸಹಿ ಹಾಕಿದರೆ ಲೆಕ್ಕ ಪುನಃ ಮೊದಲಿಂದ ಶುರು. ಓದದೆ ಸಹಿ ಹಾಕಬೇಡಿ ಎನ್ನುವುದು ಇದಕ್ಕೆ. ಕಾಲಮಿತಿ ಮುಗಿದರೆ ಕೋರ್ಟಿನ ದಾರಿ ಮುಚ್ಚುತ್ತದೆ, ಕಡ ತೀರಿತು ಎಂದಲ್ಲ. ಇದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

"ಬಡ್ಡಿ ಹರಾಮಲ್ವಾ ಉಸ್ತಾದರೇ, ಅಸಲು ಮಾತ್ರ ಕೊಡ್ತೇನೆ ಅಂತ ಕೋರ್ಟಲ್ಲಿ ಹೇಳಿದ್ರೆ ಆಗದಾ?" ಎಂದು ಕೇಳುವವರೂ ಇದ್ದಾರೆ. ಆಗುವುದಿಲ್ಲ. ಅದು ಸಹಿ ಹಾಕುವ ಮೊದಲು ಯೋಚಿಸಬೇಕಾದ ಮಾತು. ಕೋರ್ಟು ನೋಡುವುದು ಒಪ್ಪಂದವನ್ನು. ಆದರೆ ದಾವೆ ಹೂಡಿದ ದಿನದಿಂದ ಮುಂದಿನ ಬಡ್ಡಿಯ ದರ ಎಷ್ಟೆಂದು ನಿಗದಿ ಮಾಡುವಲ್ಲಿ ನ್ಯಾಯಾಧೀಶರಿಗೆ ವಿವೇಚನೆ ಉಂಟು. ಕಷ್ಟವನ್ನು ದಾಖಲೆ ಸಮೇತ ಹೇಳಿಕೊಂಡವರಿಗೆ ಅದು ಸಿಗಬಹುದು, ಮನೆಯಲ್ಲಿ ಕೂತವರಿಗೆ ಸಿಗುವುದು ಕಷ್ಟ.

ಡಿಕ್ರಿ ಆದ ಮೇಲೆ ಅದನ್ನು ಜಾರಿ ಮಾಡಲು ಬ್ಯಾಂಕಿಗೆ 12 ವರ್ಷ ಸಮಯ. ಜಾಗ, ಅಂಗಡಿ, ವಾಹನ, ಬ್ಯಾಂಕಿನಲ್ಲಿರುವ ಹಣ ಜಪ್ತಿಯಾಗಬಹುದು. ಸಂಬಳದಲ್ಲಿ ಮೊದಲ ಒಂದು ಸಾವಿರ ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗವನ್ನು ಮುಟ್ಟುವಂತಿಲ್ಲ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ಪ್ರಾವಿಡೆಂಟ್ ಫಂಡ್, ಕೃಷಿಕ ವಾಸವಿರುವ ಸ್ವಂತ ಮನೆ, ಇವು ಜಪ್ತಿಗೆ ಹೊರಗೆ. ಸಾಲಕ್ಕೇ ಅಡವಿಟ್ಟ ಮನೆಯ ಮಾತು ಬೇರೆ.

ಜೈಲಿನ ಹೆದರಿಕೆ ಹೆಚ್ಚಿನವರಿಗೆ ಉಂಟು. 1980ರಲ್ಲಿ ನಮ್ಮ ನೆರೆಯ ಕೇರಳದ ಬ್ಯಾಂಕ್ ಆಫ್ ಕೊಚ್ಚಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇದನ್ನು ಸ್ಪಷ್ಟ ಮಾಡಿದ್ದಾರೆ. ಕೈಯಲ್ಲಿಲ್ಲದವನನ್ನು ಬಡತನದ ಕಾರಣಕ್ಕೆ ಸಿವಿಲ್ ಜೈಲಿಗೆ ಹಾಕುವಂತಿಲ್ಲ, ಇದ್ದೂ ಕೆಟ್ಟ ಉದ್ದೇಶದಿಂದ ಕೊಡದವನ ಮಾತು ಬೇರೆ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸಲಿಕ್ಕಂತೂ ಕಾನೂನಿನಲ್ಲಿ ಅವಕಾಶವೇ ಇಲ್ಲ. ಆದರೆ ಕೊಟ್ಟ ಚೆಕ್ ಬೌನ್ಸ್ ಆಗಿದ್ದರೆ ಅದು ಕ್ರಿಮಿನಲ್ ಕೇಸು. ನೋಟಿಸ್ ಸಿಕ್ಕಿದ 15 ದಿನದೊಳಗೆ ಹಣ ಕೊಡದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗುತ್ತದೆ, ವಾಯಿದೆಗೆ ಹಾಜರಾಗದಿದ್ದರೆ ವಾರಂಟ್ ಬರುತ್ತದೆ. ಎರಡನ್ನೂ ಒಂದೇ ಎಂದು ತಿಳಿದುಕೊಳ್ಳಬಾರದು.

ಈಗ ಜಾಮೀನಿನ ವಿಷಯ. ನಮ್ಮವರಲ್ಲಿ ಹೆಚ್ಚು ಸಂಸಾರ ಒಡೆದದ್ದು ಇದರಲ್ಲೇ. ಭಾವನ ಅಂಗಡಿಗೆ, ಚಿಕ್ಕಪ್ಪನ ಲಾರಿಗೆ, ಸ್ನೇಹಿತನ ಮೀನಿನ ವ್ಯಾಪಾರಕ್ಕೆ "ಒಂದು ಸಹಿ ಅಲ್ವಾ" ಎಂದು ಹಾಕಿಬಿಡುತ್ತಾರೆ. ಕಾನೂನಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. "ಮೊದಲು ಅವನಿಂದ ವಸೂಲು ಮಾಡಿ, ಆಮೇಲೆ ನನ್ನ ಹತ್ತಿರ ಬನ್ನಿ" ಎಂಬ ವಾದವನ್ನು ಸುಪ್ರೀಂ ಕೋರ್ಟು ದಶಕಗಳ ಹಿಂದೆಯೇ ತಳ್ಳಿಹಾಕಿದೆ. ಸಾಲಗಾರ ವಿದೇಶಕ್ಕೆ ಹೋಗಿ ಫೋನ್ ಎತ್ತದಿದ್ದರೆ ಬ್ಯಾಂಕಿಗೆ ಸಿಗುವುದು ಊರಲ್ಲೇ ಇರುವ ಜಾಮೀನುದಾರ. ಕಟ್ಟಿದ ಹಣವನ್ನು ಸಾಲಗಾರನಿಂದ ವಾಪಸು ಪಡೆಯುವ ಹಕ್ಕು ಅವರಿಗೆ ಉಂಟು, ಕಟ್ಟಿದ ರಶೀದಿ ಇಟ್ಟುಕೊಂಡರೆ. ಜಮಾಅತಿನ ಹಿರಿಯರ ಎದುರು ಕೂತು ಮಾತಾಡುವುದೂ ಒಳ್ಳೆಯದೇ, ಆದರೆ ಆ ಮಾತುಕತೆ ಕೋರ್ಟಿನ ವಾಯಿದೆಯನ್ನು ತಡೆಯುವುದಿಲ್ಲ.

ಮನೆ ಅಡವಿಟ್ಟ ಸಾಲದಲ್ಲಿ ಬ್ಯಾಂಕ್ ಸಿವಿಲ್ ದಾವೆ ಹೂಡಬೇಕೆಂದೇ ಇಲ್ಲ. 2002ರ ಸರ್ಫೇಸಿ ಕಾಯ್ದೆಯ ಕೆಳಗೆ ಕೋರ್ಟಿನ ಡಿಕ್ರಿ ಇಲ್ಲದೆಯೇ ಮನೆ ಹರಾಜು ಮಾಡಬಹುದು. 90 ದಿನ ಕಂತು ನಿಂತರೆ ಖಾತೆ ಕೆಟ್ಟ ಸಾಲದ ಪಟ್ಟಿಗೆ ಸೇರುತ್ತದೆ, ಆಮೇಲೆ 60 ದಿನದ ನೋಟಿಸ್. ಇಲ್ಲಿಯೂ ಸುಮ್ಮನಿರಬಾರದು. ಆಕ್ಷೇಪವನ್ನು ಬರೆದುಕೊಟ್ಟರೆ ಬ್ಯಾಂಕ್ 15 ದಿನದೊಳಗೆ ಉತ್ತರಿಸಲೇಬೇಕು. ಸ್ವಾಧೀನಕ್ಕೆ ಕ್ರಮ ತೆಗೆದುಕೊಂಡರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಅದಿರುವುದು ಬೆಂಗಳೂರಿನಲ್ಲಿ. ಇದಕ್ಕೆ ತಡೆಯಾಜ್ಞೆ ಕೇಳಿ ಊರಿನ ಸಿವಿಲ್ ಕೋರ್ಟಿಗೆ ಓಡಿ ಸಾಮಾನ್ಯವಾಗಿ ಪ್ರಯೋಜನ ಇಲ್ಲ. 20 ಲಕ್ಷ ಮತ್ತು ಅದಕ್ಕಿಂತ ಹೆಚ್ಚಿನ ಬ್ಯಾಂಕ್ ಸಾಲದ ದಾವೆಗಳೂ ಆ ನ್ಯಾಯಮಂಡಳಿಗೇ ಹೋಗುತ್ತವೆ. ಕೃಷಿ ಜಮೀನಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ.

ಗಲ್ಫ್‌ನವರಿಗೆ ಇನ್ನೊಂದು ಮಾತು. ಅಲ್ಲಿಯ ಬ್ಯಾಂಕಿನ ಕಾರ್ಡು, ಕಾರ್ ಲೋನ್ ಬಿಟ್ಟು ಊರಿಗೆ ಬಂದರೆ ಮುಗಿಯಿತು ಎಂಬ ಕಾಲವೊಂದಿತ್ತು. 2020ರ ಜನವರಿ 17ರಂದು ಭಾರತ ಸರಕಾರ ಹೊರಡಿಸಿದ ಅಧಿಸೂಚನೆಯ ಪ್ರಕಾರ ಯುಎಇಯ ಕೋರ್ಟುಗಳ ಹಣದ ಡಿಕ್ರಿಯನ್ನು ಇಲ್ಲಿಯ ಜಿಲ್ಲಾ ನ್ಯಾಯಾಲಯದಲ್ಲಿ ಇಲ್ಲಿಯದ್ದೇ ಡಿಕ್ರಿಯಂತೆ ಜಾರಿ ಮಾಡಿಸಬಹುದು. ಹೇಳಿಕೊಳ್ಳಲು ಅವಕಾಶವೇ ಕೊಡದೆ ಪಡೆದ ತೀರ್ಪಾದರೆ ಆಕ್ಷೇಪಿಸಬಹುದು, ಆದರೆ ಅದಕ್ಕೂ ಕೋರ್ಟಿಗೆ ಹೋಗಲೇಬೇಕು.

ಸಾಲಗಾರ ಮರಣ ಹೊಂದಿದರೆ ವಾರಸುದಾರರ ಹೊಣೆ ಅವರಿಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಶರೀಅತ್ತಿನಲ್ಲೂ ಪಾಲು ಮಾಡುವ ಮೊದಲು ಸಾಲ ತೀರಿಸಬೇಕೆಂದಿದೆ. ಜಾಗ ಪಾಲಾದ ಮೇಲೆ ಅಣ್ಣ ತಮ್ಮಂದಿರ ಮನೆಗಳಿಗೆಲ್ಲ ಒಂದೊಂದು ಸಮನ್ಸ್ ಬರುವುದಕ್ಕಿಂತ ಮೊದಲೇ ಬ್ಯಾಂಕಿನಲ್ಲಿ ವಿಚಾರಿಸುವುದು ಸುಲಭ.

ಕೇಸು ನಡೆಯುತ್ತಿರುವಾಗಲೂ ರಾಜಿಯ ಬಾಗಿಲು ತೆರೆದೇ ಇರುತ್ತದೆ. ಲೋಕ ಅದಾಲತ್‌ನಲ್ಲಿ ಬ್ಯಾಂಕಿನವರೂ ಬರುತ್ತಾರೆ, ಬಡ್ಡಿಯಲ್ಲಿ ರಿಯಾಯಿತಿ, ಕಂತು ಕೇಳಬಹುದು. ಅಲ್ಲಿ ಆದ ರಾಜಿಗೆ ಡಿಕ್ರಿಯ ಬಲ, ಅದರ ಮೇಲೆ ಅಪೀಲು ಇಲ್ಲ. ಹಾಗಾಗಿ ತಿಂಗಳಿಗೆ ಐದು ಸಾವಿರ ಕಟ್ಟಬಲ್ಲವರು ಮರ್ಯಾದೆಗೆ ಹೆದರಿ ಹದಿನೈದು ಸಾವಿರ ಒಪ್ಪಬಾರದು. ವಕೀಲರಿಗೆ ಕೊಡಲು ಇಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಂಗಳೂರಿನಲ್ಲೂ ಉಡುಪಿಯಲ್ಲೂ ಉಂಟು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ.

ರಾಜಿಯಾಗಿ ಹಣ ಕಟ್ಟಿ ಮುಗಿದ ಮೇಲೆ ಬಾಕಿ ಇಲ್ಲ ಎಂಬ ಪತ್ರವನ್ನು ಬರಹದಲ್ಲೇ ಪಡೆಯಿರಿ. ಅಡವಿಟ್ಟ ಜಾಗದ ಮೂಲ ದಾಖಲೆಗಳನ್ನು 30 ದಿನದೊಳಗೆ ವಾಪಸು ಕೊಡಬೇಕು, ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. "ನಾಳೆ ಬನ್ನಿ, ಮ್ಯಾನೇಜರ್ ಇಲ್ಲ" ಎಂದು ಮೂರು ಸಲ ತಿರುಗಿಸಿದರೆ ನಾಲ್ಕನೇ ಸಲ ಹೋಗುವಾಗ ಅರ್ಜಿ ಬರೆದು ತೆಗೆದುಕೊಂಡು ಹೋಗಿ, ಅದರ ಪ್ರತಿಗೆ ಬ್ಯಾಂಕಿನ ಸೀಲು ಹಾಕಿಸಿಕೊಳ್ಳಿ.