ಶಸ್ತ್ರಚಿಕಿತ್ಸೆಯ ತರುವಾಯದ ಚಳಿ

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯನ್ನು ಹೊರಗಿನವರು 1246ರ ಲಕ್ಷ್ಮೀನರಸಿಂಹ ದೇವಾಲಯದ ದೆಸೆಯಿಂದ ಬಲ್ಲರು. ಆ ಹೋಬಳಿಯ ರೈತಾಪಿ ಹೆಂಗಸಿಗೆ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಬೇಕಾಗಿ ಬಂದರೆ ತಾಲ್ಲೂಕು ಕಸಬೆಗೋ ಹಾಸನಕ್ಕೋ ಕರೆದೊಯ್ಯಬೇಕಷ್ಟೆ. ಮುಂದೆ ಶಸ್ತ್ರವೈದ್ಯರ ಕೈಗುಣವನ್ನು ಊರೆಲ್ಲ ಕೊಂಡಾಡುತ್ತದೆ. ಹೊರಕ್ಕೆ ಬಂದೊಡನೆ ಗಡಗಡನೆ ನಡುಗಿದ ರೋಗಿಯ ಬಳಿ ನಿಂತಿದ್ದ ದಾದಿಯ ಮಾತನ್ನು ಯಾರೂ ಎತ್ತುವುದಿಲ್ಲ.

ಈ ನಡುಕವನ್ನು ಬಂಧುಗಳು ಜ್ವರವೆಂದೋ ಭಯವೆಂದೋ ಬಗೆಯುವುದುಂಟು. ಅನೇಕ ವೇಳೆ ಅದು ದೇಹದ ಕಾವು ಇಳಿದುದರ ಫಲ. ಅರಿವಳಿಕೆಯ ಔಷಧವು ಚರ್ಮದ ರಕ್ತನಾಳಗಳನ್ನು ಸಡಿಲಿಸುವುದರಿಂದ ಒಡಲೊಳಗಿನ ಶಾಖವು ಕೈಕಾಲುಗಳಿಗೆ ಹರಿದುಹೋಗಿ, ಮೊದಲ ಒಂದು ಗಂಟೆಯಲ್ಲಿಯೇ ಉಷ್ಣಮಾನವು ಒಂದು ಡಿಗ್ರಿಗೂ ಮಿಗಿಲಾಗಿ ಕುಸಿಯಬಹುದು. ತಣ್ಣನೆಯ ಕೊಠಡಿ, ಬರಿಮೈ, ನಾಳಕ್ಕೆ ಬಿಡುವ ತಣ್ಣನೆಯ ದ್ರವ ಇವೆಲ್ಲ ಅದಕ್ಕೆ ಒತ್ತಾಸೆ. 36 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿದರೆ ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ, ಗಾಯವು ಕೀವಾಗುವ ಭಯ ಹೆಚ್ಚುತ್ತದೆ. 1996ರಲ್ಲಿ ಪ್ರಕಟವಾದ ಆಸ್ಟ್ರಿಯಾ ದೇಶದ ವೈದ್ಯರ ಪರೀಕ್ಷೆಯೊಂದರಲ್ಲಿ, ದೊಡ್ಡಕರುಳಿನ ಶಸ್ತ್ರಚಿಕಿತ್ಸೆಗೆ ಒಳಗಾದವರ ಪೈಕಿ ಬೆಚ್ಚಗಿರಿಸಿದ 104 ಮಂದಿಯಲ್ಲಿ 6 ಮಂದಿಗೆ ಗಾಯ ಕೆಟ್ಟಿತು. ಹಾಗೆ ಬೆಚ್ಚಗಿರಿಸದ 96 ಮಂದಿಯಲ್ಲಿ 18 ಮಂದಿಗೆ. ಎರಡು ಗುಂಪುಗಳ ನಡುವೆ ಇದ್ದ ಅಂತರ ಸುಮಾರು ಎರಡು ಡಿಗ್ರಿ ಮಾತ್ರ.

ಇದನ್ನು ತಡೆಯುವ ಹೊಣೆ ಬಹುಪಾಲು ದಾದಿಯದು; ಆದರೆ ಅಧಿಕಾರ ಆಕೆಯದಲ್ಲ. ದೀಪಗಳ ಕೆಳಗೆ ನಿಲುವಂಗಿ ತೊಟ್ಟು ಬೆವರುವ ವೈದ್ಯರಿಗೆ ತಂಪು ಬೇಕು, ಮೇಜಿನ ಮೇಲೆ ಮಲಗಿದವರಿಗೆ ಬೆಚ್ಚನೆ ಬೇಕು. ನಡುವೆ ನಿಂತು ಬಾಯಿಬಿಡುವುದು ಸುಲಭವಲ್ಲ. ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡವರು ತಣ್ಣಗಾಗುತ್ತಿದ್ದರೂ ಚಳಿಯೆಂದು ಹೇಳದಿರಬಹುದು. ಆದಕಾರಣ ರೋಗಿಯ ಬಾಯಿಂದ ಬರಲೆಂದು ಕಾಯದೆ ಉಷ್ಣಮಾಪಕವನ್ನೇ ಕೇಳಬೇಕು. ಬ್ರಿಟನ್ನಿನಲ್ಲಿ 2008ರಲ್ಲಿ ಹೊರಟ ಮಾರ್ಗಸೂಚಿಯು ಚೇತರಿಕೆಯ ಕೊಠಡಿಯಲ್ಲಿ 15 ನಿಮಿಷಕ್ಕೊಮ್ಮೆ ಕಾವನ್ನು ಅಳೆದು ಬರೆದಿಡಬೇಕೆಂದೂ, 36 ಡಿಗ್ರಿ ಮುಟ್ಟುವ ತನಕ ವಾರ್ಡಿಗೆ ಕಳುಹಿಸಕೂಡದೆಂದೂ ವಿಧಿಸಿತು. ಹಲವು ಹಾಸಿಗೆಗಳಿಗೆ ಒಬ್ಬಳೇ ದಾದಿ ಇರುವೆಡೆ ಈ ವಿಧಿ ಕಾಗದದಲ್ಲಿಯೇ ಉಳಿದೀತು.

ಬಂಧುಗಳ ಅಕ್ಕರೆಯೂ ಒಮ್ಮೊಮ್ಮೆ ಅಪಾಯಕಾರಿ. ಬಿಸಿನೀರು ತುಂಬಿದ ಬಾಟಲಿಯನ್ನು ಕಾಲಿನ ಬಳಿ ಇರಿಸಿದರೆ, ಜೋಮು ಹಿಡಿದ ಕಾಲು ಸುಡುತ್ತಿದ್ದರೂ ತಿಳಿಯದು. ಬೇಡವೆಂದ ದಾದಿಗೆ ಕಲ್ಲೆದೆಯವಳೆಂಬ ಬಿರುದು! ಶಸ್ತ್ರಚಿಕಿತ್ಸೆಗೆ ಮುಂಚೆಯೇ ಹೊದಿಸುವುದು, ಅಗತ್ಯವಿದ್ದಷ್ಟೇ ಮೈಯನ್ನು ತೆರೆಯುವುದು, ದ್ರವವನ್ನೂ ರಕ್ತವನ್ನೂ ತಕ್ಕ ಸಾಧನದಿಂದ ಬೆಚ್ಚಗೆ ಮಾಡಿ ಕೊಡುವುದು, ಬಿಸಿಗಾಳಿಯ ಹೊದಿಕೆ, ಇವೇ ಆಕೆ ಬಲ್ಲ ದಾರಿಗಳು.

ಕಂಬಳಿಗೂ ಉಷ್ಣಮಾಪಕಕ್ಕೂ ಆಕೆ ಬರೆದ ಇಂಡೆಂಟು ಎಷ್ಟು ದಿನ ಮೇಜಿನ ಮೇಲೆ ಮಲಗಿರುತ್ತದೆಂಬುದನ್ನು ಅಧಿಕಾರಿಗಳೇ ಬಲ್ಲರು. ತನಿಖೆಗೆ ಬರುವ ಮಹನೀಯರು ಹೊಸ ಕಟ್ಟಡದ ಸುಣ್ಣಬಣ್ಣವನ್ನು ನೋಡುವ ಮೊದಲು, ಚೇತರಿಕೆಯ ಕೊಠಡಿಯ ಉಷ್ಣಮಾನದ ಪುಸ್ತಕವನ್ನು ತರಿಸಿ, ಹಿಂದಿನ ರಾತ್ರಿಯ ಪುಟವನ್ನು ತೆರೆದು ನೋಡಲಿ.