ತೊಡೆಮೂಳೆಯ ಕತ್ತಿನ ಮುರಿತ ಮತ್ತು ಸಜೀವ ಅಸ್ಥಿಕಸಿ

ಮುರಿದ ಮೂಳೆಯನ್ನು ನೇರಗೊಳಿಸಿ ಅಲುಗದಂತೆ ಕಟ್ಟಿಟ್ಟರೆ ಅದು ಕ್ರಮೇಣ ಕೂಡಿಕೊಳ್ಳುವುದೆಂಬುದು ಸಾಮಾನ್ಯಾನುಭವ. ತೊಡೆಮೂಳೆಯ ಕತ್ತು ಮಾತ್ರ ಈ ನಿಯಮಕ್ಕೆ ಸುಲಭವಾಗಿ ಒಳಪಡುವುದಿಲ್ಲ. ಅದರ ಕಾರಣವು ಆ ಭಾಗದ ರಚನೆಯಲ್ಲಿಯೇ ಅಡಗಿದೆ.

ಸೊಂಟದ ಗುಳಿಯಲ್ಲಿ ತಿರುಗುವ ತೊಡೆಮೂಳೆಯ ತಲೆಗೆ ರಕ್ತವು ಬಹುಮಟ್ಟಿಗೆ ಕತ್ತನ್ನು ಅಂಟಿಕೊಂಡು ಮೇಲೇರುವ ಸಣ್ಣ ನಾಳಗಳಿಂದ ಒದಗುತ್ತದೆ. ಕತ್ತು ಮುರಿದು ತುಂಡುಗಳು ಸರಿದಾಗ ಈ ನಾಳಗಳೂ ಹರಿಯಬಹುದು. ಆಗ ತಲೆಯು ಪೋಷಣೆಯಿಲ್ಲದೆ ಸತ್ತು, ಕಾಲಾನಂತರದಲ್ಲಿ ಕುಸಿಯುವ ಸಂಭವವುಂಟು. ಅಲ್ಲದೆ ಮುರಿತದ ರೇಖೆಯು ಕಡಿದಾದಷ್ಟೂ ದೇಹದ ಭಾರವು ತುಂಡುಗಳನ್ನು ಒತ್ತಿಹಿಡಿಯುವ ಬದಲು ಜಾರಿಸುತ್ತದೆ. ಪೌವೆಲ್ಸ್ ಅವರು 1935ರಲ್ಲಿ ಈ ಕೋನವನ್ನೇ ಆಧರಿಸಿ ಇಂತಹ ಮುರಿತಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದರು.

ಅಮೆರಿಕದ ಸ್ಮಿತ್-ಪೀಟರ್ಸನ್ ಮತ್ತು ಅವರ ಸಹೋದ್ಯೋಗಿಗಳು 1931ರಲ್ಲಿ ವರದಿ ಮಾಡಿದ ಮೂರು ರೆಕ್ಕೆಗಳ ಉಕ್ಕಿನ ಮೊಳೆಯು ತುಂಡುಗಳನ್ನು ಭದ್ರವಾಗಿ ಹಿಡಿಯುವ ಮಾರ್ಗವನ್ನು ತೋರಿತು. ಆದರೆ ಮೊಳೆಯು ಹಿಡಿಯಬಲ್ಲುದೇ ಹೊರತು ಪೋಷಿಸಲಾರದು. ಬೇರೆಡೆಯಿಂದ ಕತ್ತರಿಸಿ ತಂದ ಮೂಳೆಯ ಸ್ಥಿತಿಯೂ ಬಹುಮಟ್ಟಿಗೆ ಇದೇ. ರಕ್ತಸಂಬಂಧ ಕಡಿದುಹೋದುದರಿಂದ ಅದರ ಜೀವಕೋಶಗಳಲ್ಲಿ ಹೆಚ್ಚಿನವು ಸಾಯುವುವು. ಉಳಿಯುವ ಚೌಕಟ್ಟಿನೊಳಕ್ಕೆ ನೆರೆಯ ಮೂಳೆಯಿಂದ ಹೊಸ ನಾಳಗಳು ನಿಧಾನವಾಗಿ ತೆವಳಿಬರಬೇಕು. ನೆರೆಯ ತಲೆಯೇ ನಿರ್ಜೀವವಾಗಿದ್ದರೆ ಆ ಕಡೆಯಿಂದ ನೆರವನ್ನು ನಿರೀಕ್ಷಿಸುವುದೆಂತು?

ಈ ಪ್ರಶ್ನೆಗೆ ಉತ್ತರವಾಗಿ ಬಂದುದು ಸ್ನಾಯುಸಹಿತವಾದ ಕಸಿ. ಫ್ರಾನ್ಸಿನ ಜೂಡೆ ಅವರು 1962ರಲ್ಲಿಯೂ, ಅಮೆರಿಕದ ಮೈಯರ್ಸ್ ಮತ್ತು ಸಂಗಡಿಗರು 1973ರಲ್ಲಿಯೂ ಇದನ್ನು ವಿವರಿಸಿದರು. ತೊಡೆಮೂಳೆಯ ಮೇಲ್ತುದಿಯ ಹಿಂಬದಿಯಲ್ಲಿ ಕ್ವಾಡ್ರೇಟಸ್ ಫೆಮೋರಿಸ್ ಎಂಬ ಚೌಕಾಕಾರದ ಸ್ನಾಯುವು ಬಂದು ಸೇರುತ್ತದೆ. ಅದು ಅಂಟಿಕೊಂಡಿರುವ ಮೂಳೆಯ ತುಣುಕನ್ನು ಸ್ನಾಯುವಿನಿಂದ ಬಿಡಿಸದೆ ಎಬ್ಬಿಸಿ, ಮುರಿತವನ್ನು ಲೋಹದಿಂದ ಬಿಗಿದ ಬಳಿಕ, ಕತ್ತಿನ ಹಿಂಬದಿಯಲ್ಲಿ ತೋಡಿದ ಗಾಡಿಯಲ್ಲಿ ಕೂರಿಸುವರು. ಈ ತುಣುಕು ಸ್ನಾಯುವಿನ ಮೂಲಕ ರಕ್ತವನ್ನು ಪಡೆಯುತ್ತಿರುವುದರಿಂದ, ಕತ್ತಿನ ಹಿಂಬದಿಯಲ್ಲಿ ನುಚ್ಚಾಗಿ ಹೋದ ಮೂಳೆಯ ತೆರಪನ್ನು ತುಂಬುವುದಲ್ಲದೆ ಅಲ್ಲಿಗೆ ಜೀವಂತ ಅಂಗಾಂಶವನ್ನೂ ಒದಗಿಸುತ್ತದೆ. ಕೂಡಿಕೊಳ್ಳದೆ ಉಳಿದ ಮುರಿತಗಳಲ್ಲಿ ಇಂತಹ ಕಸಿಯನ್ನು ಪ್ರಯೋಗಿಸಿದ ಅನುಭವವನ್ನು ಕಲ್ಕತ್ತೆಯ ಬಕ್ಷಿಯವರು 1986ರಲ್ಲಿ ಪ್ರಕಟಿಸಿದರು.

ಈ ವಿಧಾನವು ಎಲ್ಲರಿಗೂ ತಕ್ಕುದಲ್ಲ. ವೃದ್ಧರಲ್ಲಿ ತುಂಡುಗಳು ಸರಿದಿದ್ದರೆ ಕೃತಕ ಕೀಲನ್ನಿರಿಸಿ ಬೇಗನೆ ನಡೆಯಿಸುವುದೇ ಇಂದಿನ ವಾಡಿಕೆ. ದೀರ್ಘಕಾಲದ ಶಯನವು ಅವರಿಗೆ ಮುರಿತಕ್ಕಿಂತಲೂ ಅಪಾಯಕರ. ಆದರೆ ತಾರುಣ್ಯದಲ್ಲಿರುವವನು ಮುಂದೆ ದಶಕಗಳ ಕಾಲ ನಡೆಯಬೇಕಾದವನು. ಕೃತಕ ಕೀಲಾದರೋ ಸವೆಯತಕ್ಕುದು. ಚಿಕಿತ್ಸೆಗೆ ತಡವಾಗಿ ಬಂದ ಇಂತಹ ರೋಗಿಯಲ್ಲಿ, ತಲೆಯು ಇನ್ನೂ ಕುಸಿಯದಿದ್ದರೆ, ಅದನ್ನು ಉಳಿಸಿಕೊಳ್ಳುವ ಯತ್ನದಲ್ಲಿ ಈ ಕಸಿಗೆ ಇಂದಿಗೂ ಸ್ಥಾನವುಂಟು.