ನಕ್ಷತ್ರದೀಪವೂ ಗಣಕಯಂತ್ರವೂ: ಸಂಪರ್ಕ ತಪ್ಪಿದಾಗ ನೋಡತಕ್ಕ ಸಂಗತಿಗಳು

ಕ್ರಿಸ್ತಜಯಂತಿಯ ಮುಂಚಿನ ಕಾರ್ಯಕ್ರಮದ ದಿವಸ, ಅಂದರೆ ಡಿಸೆಂಬರ ೨೩ನೆಯ ತಾರೀಖಿನ ಸಂಜೆಯಲ್ಲಿ, ನಮ್ಮ ಶಾಲೆಯ ಮಾಳಿಗೆಯ ಮೇಲಿನ ದೊಡ್ಡ ನಕ್ಷತ್ರವು ಯಾಕೆ ಬೆಳಗಲಿಲ್ಲವೆಂದು ಅನೇಕ ಪೋಷಕರು ನಮ್ಮನ್ನು ಕೇಳಿರುತ್ತಾರೆ. ಅವರಲ್ಲಿ ಕೆಲವರು ತೊಗರಿಯ ಕೊಯಿಲನ್ನು ಬಿಟ್ಟು ತಾಂಡಾಗಳಿಂದ ಬಂದಿದ್ದರು. ಕತ್ತಲಾದ ಮೇಲೆ ಕುಂಚಾವರಂ ಅಡವಿಯ ದಾರಿಯಲ್ಲಿ ಹಿಂದಿರುಗಬೇಕಾದವರು. ಅಷ್ಟು ದೂರ ಬಂದು ಕಪ್ಪು ಮಾಳಿಗೆಯನ್ನು ನೋಡಿ ಹೋದರೆಂಬದು ನಮಗೆ ಬಹು ವ್ಯಸನದ ಸಂಗತಿ. ಹೈದರಾಬಾದ, ಕಲಬುರಗಿ, ತಾಂಡೂರು ಮುಂತಾದ ಸ್ಥಳಗಳಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೂ ತಮ್ಮ ದೇವಾಲಯಗಳಲ್ಲಿ ಇಂಥವೇ ದೀಪಗಳನ್ನು ಕಟ್ಟಿ ಇಂಥದೇ ತೊಂದರೆಗೆ ಸಿಕ್ಕಿದ್ದಾಗಿ ತಿಳಿಸಿದ್ದಾರೆ. ದೀಪಾವಳಿಗೂ ಗಣೇಶೋತ್ಸವಕ್ಕೂ ಇದೇ ದೀಪಗಳನ್ನು ಕಟ್ಟುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆದದರಿಂದ ನಾವು ಕಷ್ಟಪಟ್ಟು ಕಲಿತದ್ದನ್ನು ಈ ಸಂಚಿಕೆಯಲ್ಲಿ ಬರೆದಿಡುವದು ಯುಕ್ತವೆಂದು ತೋರಿತು.

ಹಬ್ಬದ ಮರಕ್ಕೆ ವಿದ್ಯುದ್ದೀಪಗಳನ್ನು ಕಟ್ಟುವ ರೂಢಿಯು ಈಗಿನದಲ್ಲ. ೧೮೮೨ನೆಯ ಇಸವಿಯಲ್ಲಿ ಎಡಿಸನ್ನನ ಜೊತೆಗಾರನಾದ ಎಡ್ವರ್ಡ್ ಜಾನ್ಸನ್ ಎಂಬಾತನು ನ್ಯೂಯಾರ್ಕಿನ ತನ್ನ ಮನೆಯಲ್ಲಿ ಕೆಂಪು, ಬಿಳಿ, ನೀಲಿ ಬಣ್ಣದ ೮೦ ಚಿಕ್ಕ ಬುರುಡೆಗಳನ್ನು ಮರಕ್ಕೆ ಕಟ್ಟಿದನು. ನಮ್ಮ ಸೀಮೆಯಲ್ಲಿ ಮದುವೆ ಜಾತ್ರೆಗಳಿಗೆ ಕಟ್ಟುವ ಸೀರಿಯಲ್ ಸೆಟ್ಟು ನಿಮಗೆಲ್ಲರಿಗೂ ಗೊತ್ತು. ಅದರಲ್ಲಿ ದೀಪಗಳು ಒಂದರ ಹಿಂದೊಂದು ಸೇರಿರುವದರಿಂದ ಒಂದು ಬುರುಡೆ ಸುಟ್ಟರೆ ಆ ಸಾಲೆಲ್ಲಾ ಆರುತ್ತಿತ್ತು. ಮಿಣುಕಿಸುವದಕ್ಕೆ ಒಂದು ಸಣ್ಣ ಪೆಟ್ಟಿಗೆ ಮಾತ್ರ ಇರುತ್ತಿತ್ತು. ಆ ಪೆಟ್ಟಿಗೆಗೆ ಗಣಕಯಂತ್ರದ ಗೊಡವೆಯೇ ಇರಲಿಲ್ಲ.

ಈಗಿನ ದೀಪಗಳು ಬೇರೆ ಜಾತಿಯವು. ನಮ್ಮ ನಕ್ಷತ್ರದಲ್ಲಿರುವ ೩೦೦ ದೀಪಗಳಲ್ಲಿ ಪ್ರತಿಯೊಂದರ ಹೊಟ್ಟೆಯಲ್ಲಿಯೂ ಒಂದು ಸೂಕ್ಷ್ಮ ಚಿಪ್ಪು ಉಂಟು. ದೀಪದಿಂದ ದೀಪಕ್ಕೆ ಮೂರು ತಂತಿಗಳು ಹೋಗುತ್ತವೆ: ೫ ವೋಲ್ಟಿನ ಶಕ್ತಿಯದೊಂದು, ಅದು ಹಿಂದಿರುಗುವ ಗ್ರೌಂಡ್ ಎಂಬದೊಂದು, ಸಂದೇಶ ಒಯ್ಯುವದೊಂದು. ತರಗತಿಯಲ್ಲಿ ಪುಸ್ತಕ ಹಂಚುವ ರೀತಿಯನ್ನು ನೆನಪಿಗೆ ತಂದುಕೊಳ್ಳಿರಿ. ಮೊದಲನೆಯ ಹುಡುಗಿಯ ಕೈಗೆ ಇಡೀ ಕಟ್ಟನ್ನು ಕೊಟ್ಟರೆ ಅವಳು ಮೇಲಿನ ಪುಸ್ತಕವನ್ನು ತಾನು ಇಟ್ಟುಕೊಂಡು ಉಳಿದದ್ದನ್ನು ಪಕ್ಕದವಳಿಗೆ ದಾಟಿಸುವಳು. ಹಾಗೆಯೇ ಮೊದಲನೆಯ ದೀಪವು ಕೆಂಪು, ಹಸುರು, ನೀಲಿಗಳ ಮೂರು ಅಂಕಿಗಳನ್ನು ತಾನು ತಕ್ಕೊಂಡು ಮಿಕ್ಕದ್ದನ್ನು ಮುಂದಕ್ಕೆ ಕಳುಹಿಸುತ್ತದೆ. ಒಬ್ಬ ಹುಡುಗಿ ಕಟ್ಟನ್ನು ಕೆಳಗೆ ಬೀಳಿಸಿದರೆ ಅವಳಿಂದಾಚೆಯ ಯಾರಿಗೂ ಪುಸ್ತಕ ಸಿಕ್ಕದು.

ಈ ಕಟ್ಟನ್ನು ಮೊದಲನೆಯ ದೀಪದ ಕೈಗೆ ಕೊಡುವದು ಅಂಗೈಯಗಲದ ಕಂಟ್ರೋಲರ್ ಪೆಟ್ಟಿಗೆ. ಯಾವಾಗ ಯಾವ ಬಣ್ಣವೆಂದು ಅದಕ್ಕೆ ಹೇಳುವದು ಗಣಕಯಂತ್ರ. ನಮ್ಮ ಪೆಟ್ಟಿಗೆಯಲ್ಲಿರುವದು ಇ.ಎಸ್.ಪಿ. ೩೨ ಎಂಬ ಅಗ್ಗದ ಫಲಕ, ಅದರೊಳಗೆ ಡಬ್ಲ್ಯು.ಎಲ್.ಇ.ಡಿ. ಎಂಬ ಧರ್ಮಾರ್ಥವಾಗಿ ದೊರೆಯುವ ಕಾರ್ಯಕ್ರಮವನ್ನು ಹಾಕಿದೆ. ಇದನ್ನೆಲ್ಲಾ ಜೋಡಿಸಿದವರು ನಮ್ಮ ಹತ್ತನೆಯ ತರಗತಿಯ ಹುಡುಗಿಯರು, ನಾವಲ್ಲ.

ಈಗ ಆ ಸಂಜೆಯ ಮಾತು. ಗಣಕಯಂತ್ರವು ಪೆಟ್ಟಿಗೆ ಇದೆಯೆಂದೇ ಒಪ್ಪಲಿಲ್ಲ. ಪೆಟ್ಟಿಗೆಯ ಸಣ್ಣ ದೀಪವೇನೋ ಉರಿಯುತ್ತಿತ್ತು. ಮಧ್ಯಾಹ್ನ ಕೊನೆಗೆ ಅದರ ಹತ್ತಿರ ಇದ್ದವಳು ಒಬ್ಬ ತಾಂಡಾದ ಹುಡುಗಿ. ನಾವು ಅವಸರದಲ್ಲಿ, ಎಲ್ಲರ ಎದುರಿಗೆ, ಅವಳು ಏನನ್ನೋ ಕೆಡಿಸಿರಬೇಕೆಂದು ಗದರಿಸಿದೆವು. "ನಾ ಏನೂ ಮುಟ್ಟಿಲ್ರೀ ಅಕ್ಕೋರೆ" ಎಂದು ಒಂದೇ ಮಾತು ಹೇಳಿ ಅವಳು ಸುಮ್ಮನಾದಳು. ಮರುದಿನ ವಸತಿಗೃಹದ ಹುಡುಗಿಯರೆಲ್ಲರೂ ಹಬ್ಬಕ್ಕೆ ಊರಿಗೆ ಹೋದರು, ಅವಳೂ ಹೋದಳು.

೨೪ನೆಯ ರಾತ್ರಿ ಹೈದರಾಬಾದಿನಲ್ಲಿ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಟೆಲಿಫೋನು ಮಾಡಿದೆವು. ಅವಳು ಎಲ್ಲವನ್ನೂ ಕೇಳಿಕೊಂಡು, "ಆ ಕೇಬಲ್ಲಿನಿಂದ ಮೊಬೈಲಿನ ಫೋಟೋ ಕಂಪ್ಯೂಟರಿಗೆ ಬರ್ತಾವೇನ್ರೀ ಅಕ್ಕೋರೆ? ಮೊದಲ ಅದನ್ನ ನೋಡ್ರಿ" ಎಂದಳು. ನೋಡಿದೆವು, ಬರಲಿಲ್ಲ. ಯು.ಎಸ್.ಬಿ. ಕೇಬಲ್ಲುಗಳಲ್ಲಿ ಎರಡು ವಿಧ ಉಂಟೆಂದು ಆಗ ನಮಗೆ ತಿಳಿಯಿತು. ಕೆಲವುಗಳಲ್ಲಿ ಶಕ್ತಿಯ ಎರಡು ತಂತಿಗಳು ಮಾತ್ರ ಇರುತ್ತವೆ, ಅವು ಮೊಬೈಲಿಗೆ ಚಾರ್ಜು ತುಂಬುವದಕ್ಕೆ ಸಾಕು. ಮಿಕ್ಕವುಗಳಲ್ಲಿ ಸಂದೇಶದ ತಂತಿಗಳೂ ಇರುತ್ತವೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಶಕ್ತಿ ಹೋಗುವದರಿಂದ ಪೆಟ್ಟಿಗೆಯ ದೀಪ ಉರಿಯುವದು, ಸಂದೇಶ ಮಾತ್ರ ಹೋಗದು. ಒಳ್ಳೆಯ ಕೇಬಲ್ಲನ್ನು ಆ ಮಧ್ಯಾಹ್ನ ತೆಗೆದುಕೊಂಡು ಹೋಗಿ, ನಮ್ಮ ಕಚೇರಿಯಲ್ಲಿ ಮೊಬೈಲಿಗೆ ಹಚ್ಚಿ, ಅದರ ಸ್ಥಳದಲ್ಲಿ ಬೇರೊಂದನ್ನು ಸಿಕ್ಕಿಸಿದವರು ನಾವೇ. ೨೬ನೆಯ ತಾರೀಖು ಬೆಳಿಗ್ಗೆ ಆ ತಾಂಡಾಕ್ಕೆ ಹೋಗಿ, ಹುಡುಗಿಯ ತಂದೆತಾಯಿಗಳ ಎದುರಿಗೆ ತಪ್ಪು ನಮ್ಮದೆಂದು ಹೇಳಿ ಬಂದೆವು. ಎಲ್ಲರ ಎದುರಿಗೆ ಗದರಿಸಿದ್ದರಿಂದ, ಶಾಲೆ ತೆರೆದ ದಿವಸ ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರ ಎದುರಿಗೂ ಹೇಳಿದೆವು.

ಕೇಬಲ್ಲು ಸರಿಯಾಗಿದ್ದೂ ಪೆಟ್ಟಿಗೆ ಕಾಣದಿದ್ದರೆ, ವಿಂಡೋಸ್ ಗಣಕಯಂತ್ರದಲ್ಲಿ ಡಿವೈಸ್ ಮ್ಯಾನೇಜರ್ ಎಂಬದನ್ನು ತೆರೆದು ಅಲ್ಲಿ ಪೋರ್ಟ್ಸ್ ಎಂಬ ತಲೆಬರಹದ ಕೆಳಗೆ ನೋಡಬೇಕು. ಕೇಬಲ್ಲನ್ನು ಕಿತ್ತಾಗ ಯಾವ ಹೆಸರು ಮಾಯವಾಗಿ, ಸಿಕ್ಕಿಸಿದಾಗ ತಿರುಗಿ ಬರುವದೋ ಅದೇ ನಿಮ್ಮ ಪೆಟ್ಟಿಗೆ. ಕಾಮ್ ೩, ಕಾಮ್ ೫ ಎಂಬಂಥ ಒಂದು ಸಂಖ್ಯೆ ಅದರ ಪಕ್ಕದಲ್ಲಿರುತ್ತದೆ. ಹೆಸರಿನ ಮೇಲೆ ಹಳದಿ ಗುರುತು ಕಂಡರೆ ಡ್ರೈವರ್ ಎಂಬ ದುಭಾಷಿ ಕಾರ್ಯಕ್ರಮವು ಇಲ್ಲವೆಂದು ತಿಳಿಯತಕ್ಕದ್ದು. ಅಗ್ಗದ ಫಲಕಗಳಲ್ಲಿ ಹೆಚ್ಚಾಗಿ ಸಿ.ಎಚ್. ೩೪೦ ಅಥವಾ ಸಿ.ಪಿ. ೨೧೦೨ ಎಂಬ ಚಿಪ್ಪಿರುವದರಿಂದ ಆ ಹೆಸರಿನ ಡ್ರೈವರನ್ನೇ ಹಾಕಿಸಬೇಕು. ಇವತ್ತು ಒಂದು ತೂತಿಗೆ ನಾಳೆ ಇನ್ನೊಂದು ತೂತಿಗೆ ಕೇಬಲ್ಲನ್ನು ಸಿಕ್ಕಿಸಿದರೆ ಕಾಮ್ ಸಂಖ್ಯೆಯೂ ಬದಲಾಗಬಹುದು, ದೀಪದ ಕಾರ್ಯಕ್ರಮವಾದರೋ ಹಳೆಯ ಸಂಖ್ಯೆಯನ್ನೇ ಹುಡುಕುತ್ತಾ ಕೂತಿರುವದು. ಅಲ್ಲದೆ ಒಂದು ಪೋರ್ಟನ್ನು ಒಂದು ಸಮಯಕ್ಕೆ ಒಂದೇ ಕಾರ್ಯಕ್ರಮ ಹಿಡಿದುಕೊಳ್ಳಬಲ್ಲದು. ಹಿಂದೆ ತೆರೆದ ಬೇರೊಂದು ಕಿಟಕಿ ಮರೆಯಲ್ಲಿ ಉಳಿದಿದ್ದರೆ ಹೊಸದಕ್ಕೆ ಬಾಗಿಲು ಮುಚ್ಚಿರುವದು. ಸಂದೇಶದ ವೇಗದ ಅಂಕಿಯೂ ಎರಡು ಕಡೆಗಳಲ್ಲಿ ಒಂದೇ ಆಗಿರಬೇಕು; ಒಬ್ಬರು ಬೇಗಬೇಗ ಹೇಳಿ ಇನ್ನೊಬ್ಬರು ನಿಧಾನವಾಗಿ ಬರೆದುಕೊಂಡರೆ ಶುದ್ಧಬರಹ ಹೇಗಾದೀತು?

ಹೊಸ ವರುಷದ ಹೊತ್ತಿಗೆ ನಾವು ಕೇಬಲ್ಲನ್ನೇ ಬಿಟ್ಟು ವೈ-ಫೈ ಮೂಲಕ ಸಂಪರ್ಕ ಮಾಡಿದೆವು. ಅದರಲ್ಲಿ ಬೇರೆ ಪಾಠಗಳು ಕಾದಿದ್ದವು. "ಇಲ್ಲಿ ನೆಟ್ಟು ಸರಿಯಾಗಿ ಬರುವದಿಲ್ಲ, ದೀಪ ಹೇಗೆ ಹತ್ತೀತು?" ಎಂದು ಅನೇಕರು ಕೇಳುತ್ತಾರೆ. ಇದು ತಪ್ಪು ಗ್ರಹಿಕೆ. ಗಣಕಯಂತ್ರವೂ ಪೆಟ್ಟಿಗೆಯೂ ಒಂದೇ ರೂಟರಿಗೆ ಸೇರಿದ್ದರೆ ಸಾಕು, ಹೊರಗಿನ ಇಂಟರ್ನೆಟ್ಟು ಬೇಕಿಲ್ಲ. ಆದರೆ ಈ ಸಣ್ಣ ಫಲಕಗಳಲ್ಲಿ ಹೆಚ್ಚಿನವು ೨.೪ ಗಿಗಾಹರ್ಟ್ಸ್ ಎಂಬ ಅಲೆಯನ್ನು ಮಾತ್ರ ಕೇಳಬಲ್ಲವು. ರೂಟರು ೫ ಗಿಗಾಹರ್ಟ್ಸಿನಲ್ಲಿ ಮಾತ್ರ ಕೂಗಿದರೆ ಅವಕ್ಕೆ ಕಿವುಡು. ಕಲ್ಲಿನ ದಪ್ಪ ಗೋಡೆಗಳೂ ಈ ಅಲೆಯನ್ನು ಬಹಳವಾಗಿ ನುಂಗುತ್ತವೆ. ಬೇಸಿಗೆಯಲ್ಲಿ ನಮ್ಮನ್ನು ತಂಪಾಗಿಡುವ ಗೋಡೆಯೇ ಇಲ್ಲಿ ವಿರೋಧಿಯಾಯಿತು. ರೂಟರನ್ನು ಕಿಟಕಿಯ ಬಳಿಗೆ ತಂದ ಮೇಲೆ ಸರಿಹೋಯಿತು.

ಪೆಟ್ಟಿಗೆಗೆ ತನ್ನ ರೂಟರು ಸಿಕ್ಕದಿದ್ದರೆ ಅದು ತಾನೇ ಒಂದು ಸಣ್ಣ ವೈ-ಫೈಯನ್ನು ತೆರೆಯುತ್ತದೆ. ಮೊಬೈಲಿನಲ್ಲಿ ಡಬ್ಲ್ಯು.ಎಲ್.ಇ.ಡಿ.-ಎ.ಪಿ. ಎಂಬ ಹೆಸರು ಕಂಡರೆ ಪೆಟ್ಟಿಗೆ ಜೀವದಿಂದಿದೆ, ದಾರಿ ಮಾತ್ರ ತಪ್ಪಿದೆಯೆಂದರ್ಥ. ಅದಕ್ಕೆ ಸೇರಿ ೪.೩.೨.೧ ಎಂಬ ವಿಳಾಸವನ್ನು ತೆರೆದು ರೂಟರಿನ ಹೆಸರನ್ನೂ ಗುಪ್ತಪದವನ್ನೂ ತಿರುಗಿ ಬರೆಯಬೇಕು. ಇಲ್ಲಿ ಒಂದು ಮೋಸ ಉಂಟು. ಈ ಸಣ್ಣ ವೈ-ಫೈಯಲ್ಲಿ ಇಂಟರ್ನೆಟ್ಟು ಇಲ್ಲವೆಂದು ಮೊಬೈಲು ನಮ್ಮನ್ನು ಕೇಳದೆಯೇ ಸಿಮ್ಮಿನ ಕಡೆಗೆ ಜಾರಿಕೊಳ್ಳುವದು. ಆಗ ಪುಟವೇ ತೆರೆಯದು. ಕೆಲಸ ಮುಗಿಯುವ ತನಕ ಮೊಬೈಲ್ ಡೇಟಾ ಆರಿಸಿಡಿರಿ. ಇದೊಂದೇ ಕಾರಣಕ್ಕೆ ನಾವು ಒಂದು ಇಡೀ ಸಂಜೆಯನ್ನು ಕಳಕೊಂಡೆವು.

ಇನ್ನು ವಿಳಾಸ. ರೂಟರು ಪ್ರತಿಯೊಂದು ಯಂತ್ರಕ್ಕೂ ೧೯೨.೧೬೮ ಎಂದು ಆರಂಭವಾಗುವಂಥ ಒಂದು ಅಂಕೆಯನ್ನು ಕೊಡುವದುಂಟು. ಅದು ಬಾಡಿಗೆ ಮನೆ ಇದ್ದ ಹಾಗೆ. ಕರೆಂಟು ಹೋಗಿ ಬಂದ ಮೇಲೆ ಬೇರೆ ಮನೆ ಸಿಕ್ಕಬಹುದು, ಗಣಕಯಂತ್ರವು ಹಳೆಯ ಮನೆಯ ಬಾಗಿಲನ್ನೇ ತಟ್ಟುತ್ತಿರುವದು. ರೂಟರಿನಲ್ಲಿ ಪೆಟ್ಟಿಗೆಗೆ ಒಂದು ಖಾಯಂ ವಿಳಾಸವನ್ನು ಕೊಟ್ಟರೆ ಈ ತೊಂದರೆ ತಪ್ಪುವದು. ವಿಳಾಸ ಸರಿಯಿದ್ದೂ ಪೆಟ್ಟಿಗೆಯ ಪುಟ ತೆರೆದುಕೊಂಡೂ ದೀಪದ ಕಾರ್ಯಕ್ರಮ ಮಾತ್ರ ನಡೆಯದಿದ್ದರೆ, ಗಣಕಯಂತ್ರದ ಫೈರ್‌ವಾಲ್ ಎಂಬ ಕಾವಲುಗಾರನು ತಡೆದಿರಬಹುದು; ಮೊದಲ ಸಲ ಅವನು ಅನುಮತಿ ಕೇಳಿದಾಗ ನಾವು ಓದದೆ "ಬೇಡ" ಎಂದಿರುತ್ತೇವೆ. ಕರೆಂಟು ಬಂದಾಗ ಮೊದಲು ರೂಟರು, ಅದು ನೆಲೆಗೊಂಡ ಮೇಲೆ ಪೆಟ್ಟಿಗೆ, ಕೊನೆಗೆ ಗಣಕಯಂತ್ರದ ಕಾರ್ಯಕ್ರಮ, ಈ ಕ್ರಮದಲ್ಲಿ ತೆರೆಯುವದು ಉತ್ತಮ.

ಜನವರಿಯಲ್ಲಿ ಒಂದು ವಿಚಿತ್ರ ನಡೆಯಿತು. ನಕ್ಷತ್ರದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಹತ್ತಿ ಉಳಿದದ್ದು ಕಪ್ಪಾಗಿಯೇ ಇತ್ತು. ತಂತಿ ಕಡಿದಿದೆಯೆಂದು ಕತ್ತರಿ ತಕ್ಕೊಂಡವರನ್ನು ತಡೆದು ನಮ್ಮ ಹುಡುಗಿಯರು ಹತ್ತಿದ ದೀಪಗಳನ್ನು ಎಣಿಸಿದರು: ಸರಿಯಾಗಿ ೧೭೦. ಆ ಸಂಖ್ಯೆಯೇ ಕಾರಣವನ್ನು ಹೇಳಿತು. ಇ ೧.೩೧ ಎಂಬ ಪದ್ಧತಿಯಲ್ಲಿ ಸಂದೇಶವನ್ನು ಯೂನಿವರ್ಸ್ ಎಂಬ ಚೀಲಗಳಲ್ಲಿ ತುಂಬಿ ಕಳುಹಿಸುತ್ತಾರೆ. ಒಂದು ಚೀಲದಲ್ಲಿ ಹಿಡಿಸುವದು ೫೧೨ ಅಂಕಿಗಳು. ದೀಪ ಒಂದಕ್ಕೆ ಮೂರರಂತೆ ೧೭೦ ದೀಪಗಳಿಗೆ ೫೧೦ ಆಗಿ ಎರಡು ಅಂಕಿಗಳ ಜಾಗ ಉಳಿಯುವದು. ೩೦೦ ದೀಪಗಳಿಗೆ ಎರಡು ಚೀಲ ಬೇಕು. ಗಣಕಯಂತ್ರದಲ್ಲಿ ನಾವು ಒಂದನ್ನೇ ಬರೆದಿದ್ದೆವು. ಎರಡನೆಯದನ್ನು ಬರೆದ ಕೂಡಲೆ ನಕ್ಷತ್ರ ಪೂರ್ಣವಾಯಿತು. ಹತ್ತಿದ ದೀಪಗಳು ೧೭೦ ಆಗದೆ ಬೇರೆ ಯಾವದೋ ಸಂಖ್ಯೆಯಲ್ಲಿ ನಿಂತರೆ, ಕೊನೆಗೆ ಹತ್ತಿದ ದೀಪವನ್ನೂ ಅದರ ಮುಂದಿನದನ್ನೂ ಸಂಶಯಿಸಬೇಕು.

ಸಂಪರ್ಕ ಕೆಟ್ಟಂತೆ ತೋರಿದರೂ ನಿಜವಾಗಿ ಶಕ್ತಿಯ ಕೊರತೆಯಾಗಿರುವ ಸಂದರ್ಭವೂ ಉಂಟು. ಪ್ರತಿ ದೀಪವು ಪೂರ್ಣ ಬಿಳಿ ಬೆಳಕಿಗೆ ಸುಮಾರು ೬೦ ಮಿಲಿಆಂಪಿಯರ್ ಎಳೆಯುತ್ತದೆ. ೩೦೦ ದೀಪಗಳಿಗೆ ೧೮ ಆಂಪಿಯರ್, ೫ ವೋಲ್ಟಿನಲ್ಲಿ ೯೦ ವಾಟ್. ಗಣಕಯಂತ್ರದ ಸಾಮಾನ್ಯ ಯು.ಎಸ್.ಬಿ. ತೂತು ಕೊಡುವದು ಅರ್ಧ ಆಂಪಿಯರ್ ಮಾತ್ರ. ಆದದರಿಂದ ದೀಪಗಳಿಗೆ ಬೇರೆ ತಕ್ಕ ಸಪ್ಲೈ ಇರಲೇಬೇಕು, ಅದರ ಗ್ರೌಂಡ್ ತಂತಿಯು ಪೆಟ್ಟಿಗೆಯ ಗ್ರೌಂಡಿಗೆ ಕೂಡಿರಬೇಕು. ಕೂಡದಿದ್ದರೆ ದೀಪಗಳು ಹುಚ್ಚುಹುಚ್ಚಾಗಿ ಮಿಣುಕುವವು. ಕೆಂಪು ನೀಲಿಗಳಲ್ಲಿ ಸರಿಯಾಗಿದ್ದು, ನಕ್ಷತ್ರ ಬಿಳಿಯಾದಾಗಲೆಲ್ಲಾ ಸಂಪರ್ಕ ಹರಿದುಹೋದರೆ, ವೋಲ್ಟೇಜು ಕುಸಿದು ಪೆಟ್ಟಿಗೆ ಮೂರ್ಛೆ ಹೋಗಿ ಏಳುತ್ತಿದೆಯೆಂದು ತಿಳಿಯಿರಿ. ದೀಪದ ಪಟ್ಟಿಯ ಮೇಲೆ ಬಾಣದ ಗುರುತಿರುತ್ತದೆ. ಸಂದೇಶ ಆ ದಿಕ್ಕಿನಲ್ಲಿ ಮಾತ್ರ ನಡೆಯುವದು. ಪೆಟ್ಟಿಗೆಯನ್ನು ಮೊದಲನೆಯ ದೀಪದ ಹತ್ತಿರವೇ ಇಡುವದು ಲೇಸು, ಯಾಕಂದರೆ ಅದು ೩.೩ ವೋಲ್ಟಿನಲ್ಲಿ ಮಾತಾಡುತ್ತದೆ, ದೀಪವು ೫ ವೋಲ್ಟಿನದು. ಉದ್ದ ತಂತಿಯಲ್ಲಿ ಆ ಸಣ್ಣ ದನಿ ಸವೆಯುವದು.

ಪಟ್ಟಣದ ದೊಡ್ಡ ದೇವಾಲಯಗಳಲ್ಲಿ ಬೆಲೆಯುಳ್ಳ ವಿದೇಶೀ ಕಂಟ್ರೋಲರುಗಳಿರಬಹುದು. ಅವುಗಳಲ್ಲಿ ಕೆಲವು ಆರ್.ಎಸ್. ೪೮೫ ಪದ್ಧತಿಯವು. ಅವುಗಳ ತೂತು ಗಣಕಯಂತ್ರದ ನೆಟ್‌ವರ್ಕ್ ತೂತಿನಂತೆಯೇ ಕಂಡರೂ ಅದಲ್ಲ. ನೇರವಾಗಿ ಅದಕ್ಕೆ ಸೇರಿಸಿದರೆ ಯಂತ್ರ ಕೆಟ್ಟೀತು. ಅದಕ್ಕೆಂದೇ ಇರುವ ಯು.ಎಸ್.ಬಿ. ಅಡಾಪ್ಟರಿನ ಮೂಲಕವೇ ಸೇರಿಸಬೇಕು.

ತಾಯಂದಿರಿಗೆ ಒಂದು ಅರಿಕೆ. ೫ ವೋಲ್ಟಿನ ತಂತಿಯನ್ನು ಮಕ್ಕಳು ಮುಟ್ಟಿದರೆ ಭಯವಿಲ್ಲ, ಆದರೆ ಸಪ್ಲೈಯ ಇನ್ನೊಂದು ಮಗ್ಗುಲಿನಲ್ಲಿ ೨೩೦ ವೋಲ್ಟು ಇರುವದನ್ನು ಮರೆಯಬೇಡಿರಿ. ಮಂಜು ಬೀಳುವ ಮಾಳಿಗೆಯಲ್ಲಿ ಸಪ್ಲೈಯನ್ನು ಬರಿದಾಗಿ ಇಡಲಾಗದು. ಸ್ವಿಚ್ಚು ಆರಿಸಿ ಪಿನ್ನು ಕೀಳದೆ ಅದನ್ನು ಯಾರೂ ಮುಟ್ಟಲಾಗದು.

ನಮ್ಮ ವಿಜ್ಞಾನದ ಕೋಣೆಯ ಕಪಾಟಿನಲ್ಲಿ ಈಗ ಶಾಲೆಯ ಕೇಬಲ್ಲುಗಳೆಲ್ಲವನ್ನೂ ಪರೀಕ್ಷಿಸಿ ಇಡಲಾಗಿದೆ. ಸಂದೇಶ ಒಯ್ಯುವವಕ್ಕೆ ಕೆಂಪು ದಾರ, ಚಾರ್ಜಿನವಕ್ಕೆ ಬಿಳೀ ದಾರ. ದಾರ ಕಟ್ಟಿದವಳು ಆ ತಾಂಡಾದ ಹುಡುಗಿಯೇ. ಕಪಾಟಿನ ಬೀಗದ ಕೈಯೂ ಅವಳ ಹತ್ತಿರವೇ ಇರುತ್ತದೆ. ಕಚೇರಿಯ ಮೊಬೈಲಿಗೆ ಬೇಕಾದರೆ ನಾವು ಅವಳನ್ನು ಕೇಳಿ ಬಿಳೀ ದಾರದ್ದನ್ನು ತಕ್ಕೊಳ್ಳುತ್ತೇವೆ.